ಎಚ್ಚರ ಕಾದವರ ಪಟ್ಟಿ

ಆಸ್ಟ್ರೇಲಿಯಾದ ಪರ್ತ್‌ನ ಹಿರಿಯರೊಬ್ಬರು ಕೇಳಿದ್ದ ಪ್ರಶ್ನೆ ಒಂದೇ ಸಾಲಿನದು. ನಾನೂರು ವರ್ಷಗಳಿಗೂ ಹಿಂದೆ ಸ್ಕಾಟ್ಲೆಂಡಿನ ಒಂದು ಹಳ್ಳಿಯಲ್ಲಿ ಮಾಟಗಾರನೆಂದು ಕೊಂದು ಸುಟ್ಟ ತಮ್ಮ ಪೂರ್ವಿಕನ ಬಗ್ಗೆ ಆ ಊರಿನ ಚರ್ಚಿನ ಪುಸ್ತಕದಲ್ಲಿ ಏನು ಬರೆದಿದೆ? ಪುಸ್ತಕದ ಫೋಟೊಗಳನ್ನು ಅವರೇ ತರಿಸಿಕೊಂಡಿದ್ದರು. ಐವತ್ತೆಂಟು ಪುಟ. ಅವನ್ನು ಓದಿ, ಟೈಪು ಮಾಡಿ, ಎರಡು ಪುಟದ ಸಾರಾಂಶ ಬರೆದುಕೊಡುವ ಕೆಲಸ ನನ್ನ ಮೇಜಿಗೆ ಬಂತು.

ನಮ್ಮ ಕಚೇರಿ ಅಡಿಲೇಡಿನ ಕಿಲ್ಬರ್ನ್‌ನಲ್ಲಿ, ಟೈರ್ ಅಂಗಡಿಯೊಂದರ ಮಗ್ಗುಲಿಗೆ ಇದ್ದ ಎರಡು ಕೋಣೆ. ವಂಶಾವಳಿ ಹುಡುಕುವವರಿಗೆ ಹಳೆಯ ಕಾಗದ ಓದಿಕೊಡುವುದು ಕಸುಬು. ಬರುತ್ತಿದ್ದುದೆಲ್ಲ ಹಡಗಿನ ಪ್ರಯಾಣಿಕರ ಪಟ್ಟಿ, ವಿಲ್ಲು, ಮದುವೆ ರಿಜಿಸ್ಟರು. ನೂರೈವತ್ತು ವರ್ಷಕ್ಕಿಂತ ಹಳೆಯದೇನೂ ಇರುತ್ತಿರಲಿಲ್ಲ. ಮೈಸೂರಿನಲ್ಲಿದ್ದಾಗ ನಾನು ಮರಾಠಿಯ ಹಳೆಯ ಮೋಡಿ ಲಿಪಿಯ ಕಾಗದಗಳನ್ನು ಓದುತ್ತಿದ್ದೆ ಎಂಬುದನ್ನು ಒಮ್ಮೆ ಹೇಳಿದ್ದೇ ತಪ್ಪಾಯಿತು. ಅಂದಿನಿಂದ ಯಾವ ಸೊಟ್ಟ ಅಕ್ಷರ ಬಂದರೂ ನಮ್ಮ ಕಚೇರಿಯ ಯಜಮಾನಿ ನನ್ನ ಕಡೆಗೇ ತಳ್ಳುತ್ತಿದ್ದರು.

ಹಿರಿಯರು ಮೊದಲ ದಿನವೇ ಫೋನ್ ಮಾಡಿದರು. ಎಂಬತ್ತು ದಾಟಿದ ದನಿ, ಹಿಂದೆ ಲೋಹ ಬಡಿಯುವ ಸದ್ದು. ಪರ್ತ್‌ನ ವೆಲ್ಷ್‌ಪೂಲ್‌ನಲ್ಲಿ ಅವರದು ಟ್ರೇಲರ್ ಮಾಡುವ ಶೆಡ್ಡು.

"ನಮ್ಮ ವಂಶ ಶುರುವಾಗೋದೇ ಆ ಮಾಟಗಾರನ ಮಗನಿಂದ. ಕಮ್ಮಾರ. ಇವತ್ತಿಗೂ ಕಬ್ಬಿಣಾನೇ ಬಡೀತಿದ್ದೀವಿ ನೋಡು" ಎಂದು ನಕ್ಕರು. ಆಮೇಲೆ ವಿಷಯ ಹೇಳಿದರು. ಆ ಹಳ್ಳಿಯಲ್ಲಿ, ಮಾಟದ ಹೆಸರಿನಲ್ಲಿ ಸತ್ತವರಿಗಾಗಿ ಒಂದು ಕಲ್ಲು ನಿಲ್ಲಿಸುತ್ತಿದ್ದಾರೆ. ಯಾರ ಹೆಸರು ಕೆತ್ತಬೇಕೆಂದು ಊರಿನದೇ ಒಂದು ಸಮಿತಿ ಕಾಗದ ನೋಡಿ ತೀರ್ಮಾನ ಮಾಡುತ್ತದೆ. "ನನ್ನ ಹೃದಯದ ಡಾಕ್ಟರು ಕ್ಯಾಲೆಂಡರ್ ನೋಡ್ಕೊಂಡು ಮಾತಾಡೋಕೆ ಶುರು ಮಾಡಿದಾನೆ. ಅವನ ಹೆಸರು ಕಲ್ಲಿನ ಮೇಲೆ ಬಂದಿದ್ದನ್ನ ನೋಡ್ಬೇಕು ನಾನು. ಅಷ್ಟೇ ಕೆಲಸ ಉಳಿದಿರೋದು."

ಮೊದಲ ಎರಡು ವಾರ ಅಕ್ಷರ ಕಲಿಯುವುದರಲ್ಲೇ ಹೋಯಿತು. ಆ ಕಾಲದ ಬರಹದಲ್ಲಿ ಎಚ್ ಅಕ್ಷರ ಗೆರೆಯಿಂದ ಕೆಳಗಿಳಿದು ಬಾಲ ಬಿಡುತ್ತದೆ, ಇ ಬೆನ್ನು ತಿರುಗಿಸಿ ಕೂತಿರುತ್ತದೆ, ಸಿ ಮತ್ತು ಟಿ ಅವಳಿ ಮಕ್ಕಳ ಹಾಗೆ. ಒಂದೇ ಮನುಷ್ಯನ ಹೆಸರು ನಾಲ್ಕು ಬಗೆಯಲ್ಲಿ ಬರುತ್ತದೆ. ನಾನು ಒಂದು ರಟ್ಟಿನ ಮೇಲೆ ಪ್ರತಿ ಅಕ್ಷರದ ಎಲ್ಲ ರೂಪಗಳನ್ನೂ ಬರೆದು ಪರದೆಯ ಪಕ್ಕ ಅಂಟಿಸಿಕೊಂಡೆ. ದಿನಕ್ಕೆ ಎರಡು ಪುಟ, ಬಹಳವೆಂದರೆ ಮೂರು.

ಜೋಡಿ ಓದು ನಮ್ಮ ಪದ್ಧತಿ. ಒಬ್ಬರು ಟೈಪು ಮಾಡಿದ್ದನ್ನು ಇನ್ನೊಬ್ಬರು ಫೋಟೊ ಮುಂದಿಟ್ಟುಕೊಂಡು ಗಟ್ಟಿಯಾಗಿ ಓದಿ ಒಪ್ಪಿಸಬೇಕು. ನನ್ನ ಜೋಡಿ ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿದ್ದ ಒಬ್ಬ ಡಾಕ್ಟರ್ ಅಂಕಲ್. ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ಹೊತ್ತು ಹೋಗದೆ ಈ ಕೆಲಸಕ್ಕೆ ಸೇರಿದವರು. ಮೂವತ್ತು ವರ್ಷ ಬೇರೆ ಡಾಕ್ಟರುಗಳ ಚೀಟಿ ಓದಿದ್ದೇ ತಮ್ಮ ಅರ್ಹತೆ ಎನ್ನುತ್ತಿದ್ದರು. ಬೇಸಿಗೆಯಲ್ಲಿ ನಮ್ಮ ಗಡಿಯಾರ ಅವರದಕ್ಕಿಂತ ಅರ್ಧ ಗಂಟೆ ಮುಂದು. ನಾನು ಊಟದ ಡಬ್ಬಿ ಮುಚ್ಚುವ ಹೊತ್ತಿಗೆ ಅವರು ಅನ್ನಕ್ಕೆ ಸಾರು ಕಲಸುತ್ತಲೇ ಫೋನಿಗೆ ಬರುತ್ತಿದ್ದರು.

ಪುಸ್ತಕ ಹೇಳುತ್ತಿದ್ದುದು ಇಷ್ಟು. ಆ ಮನುಷ್ಯ ಕಾಯಿಲೆ ಬಿದ್ದ ಹಸುಗಳಿಗೆ ಮಂತ್ರ ಹಾಕುತ್ತಿದ್ದ. ಬಾಲಕ್ಕೆ ದಾರ ಕಟ್ಟುತ್ತಿದ್ದ, ಕಲ್ಲು ಅದ್ದಿದ ನೀರು ಕುಡಿಸುತ್ತಿದ್ದ, ಕಳೆದುಹೋದ ವಸ್ತು ಎಲ್ಲಿದೆ ಎಂದು ಹೇಳುತ್ತಿದ್ದ. ಒಬ್ಬ ರೈತನ ಹಸು ಗುಣವಾಗುವ ಬದಲು ಸತ್ತಿತು. ಚರ್ಚಿನ ಹಿರಿಯರ ಸಭೆ ಅವನನ್ನು ಕರೆಸಿತು.

"ನಮ್ಮ ಕಡೆ ಆಗಿದ್ರೆ ಇವನ ಮನೆ ಮುಂದೆ ಭಾನುವಾರ ಕ್ಯೂ ನಿಲ್ತಿತ್ತು ಕಣಮ್ಮಾ" ಎಂದರು ಅಂಕಲ್. "ನಮ್ಮತ್ತೆ ಇವನ ನಂಬರ್ ಇಟ್ಕೋತಿದ್ರು."

ಮುಂದೆ ನಗುವಂಥದ್ದೇನೂ ಇರಲಿಲ್ಲ. ಅವನು ಸಭೆಯ ಮುಂದೆ ನಿಂತು, ತನ್ನೊಡನೆ ಇನ್ನಿಬ್ಬರು ಸೈತಾನನ ಸಂಗ ಮಾಡಿದ್ದಾರೆ ಎಂದು ಇಬ್ಬರು ಹೆಂಗಸರ ಹೆಸರು ಹೇಳಿದ್ದ. ಇಬ್ಬರೂ ವಿಧವೆಯರು, ಅವನ ನೆರೆಯವರು. ಅವರನ್ನು ಫೆಬ್ರವರಿಯಲ್ಲಿ ಸುಟ್ಟರು. ಇವನನ್ನು ಏಪ್ರಿಲ್‌ನಲ್ಲಿ ಸುಟ್ಟರು.

ಫೋಟೊಗಳ ಕಡತಗಳಿಗೆ ಯಾರೋ ಮೊದಲೇ ಪುಟದಲ್ಲಿದ್ದ ತಾರೀಕಿನಂತೆ ವರ್ಷ, ತಿಂಗಳು, ದಿನ ಎಂದು ಹೆಸರಿಟ್ಟಿದ್ದರು. ಕಂಪ್ಯೂಟರು ಅದೇ ಕ್ರಮದಲ್ಲಿ ಜೋಡಿಸಿ ತೋರಿಸಿತು, ನಾವು ಅದೇ ಕ್ರಮದಲ್ಲಿ ಓದಿದೆವು. ಆ ಕ್ರಮದಲ್ಲಿ ಅವನು ಹೆಂಗಸರ ಹೆಸರು ಹೇಳಿದ್ದು ಜನವರಿ. ಅವನನ್ನು ಹಿಡಿದು ಚರ್ಚಿನ ಗೋಪುರದಲ್ಲಿ ಕೂಡಿಹಾಕಿದ್ದು ಅದೇ ವರ್ಷದ ಡಿಸೆಂಬರ್; ಸುಟ್ಟ ಏಪ್ರಿಲ್ ಅದರ ಮುಂದಿನ ವರ್ಷದ್ದು. ಎಂದರೆ, ಹೆಸರು ಹೇಳುವಾಗ ಅವನು ಆರಾಮವಾಗಿ ಹೊರಗೆ ಓಡಾಡಿಕೊಂಡಿದ್ದ. ಸಾರಾಂಶದಲ್ಲಿ ನಾನು ಬರೆದೆ: ಈತ ತಾನಾಗಿಯೇ ಬಂದು ಇಬ್ಬರು ಸ್ತ್ರೀಯರ ಮೇಲೆ ದೂರಿತ್ತನು. 'ತಾನಾಗಿಯೇ' ಎಂಬ ಮಾತು ಪುಸ್ತಕದಲ್ಲಿ ಎಲ್ಲೂ ಇಲ್ಲ. ಅದು ನನ್ನದು. ಅಂಕಲ್ ಅದನ್ನು ಓದಿ ಒಪ್ಪಿದರು, ಯಜಮಾನಿ ಸಹಿ ಹಾಕಿದರು.

ಜೊತೆಗೆ ಒಂದು ಪುಟವನ್ನು ನಾವು ಬಿಟ್ಟೇಬಿಟ್ಟಿದ್ದೆವು. ಜನವರಿ ಮೊದಲ ವಾರದ್ದು. ಬರೀ ಹೆಸರುಗಳು, ಇಬ್ಬಿಬ್ಬರ ಜೋಡಿ, ಎದುರಿಗೆ ವಾರದ ಹೆಸರು. ಪ್ಲೇಗಿನ ಕಾಲದಲ್ಲಿ ಊರ ಬಾಗಿಲು ಕಾಯುವವರ ಪಾಳಿ ಇರಬೇಕು ಎಂದುಕೊಂಡೆವು. ಆ ಮನುಷ್ಯನ ಹೆಸರೇ ಅದರಲ್ಲಿರಲಿಲ್ಲವಲ್ಲ. 'ಸಂಬಂಧವಿಲ್ಲ' ಎಂದು ಗುರುತು ಹಾಕಿ ಪಕ್ಕಕ್ಕಿಟ್ಟೆ.

ಹಿರಿಯರು ನಮ್ಮ ವರದಿಯನ್ನು ಹಾಗೆಯೇ ಸಮಿತಿಗೆ ಕಳಿಸಿದರು. ಮೂರು ವಾರಕ್ಕೆ ಉತ್ತರ ಬಂತು. ಕಲ್ಲು ಇರುವುದು ಬಲಿಯಾದವರಿಗೆ; ಯಾರ ಒತ್ತಾಯವೂ ಇಲ್ಲದೆ ನೆರೆಯವರನ್ನು ಬೆಂಕಿಗೆ ಕಳಿಸಿದವನ ಹೆಸರನ್ನು ಆ ಹೆಂಗಸರ ಪಕ್ಕದಲ್ಲಿ ಕೆತ್ತಲು ತಮಗೆ ಮನಸ್ಸಿಲ್ಲ ಎಂಬುದು ಅದರ ತಾತ್ಪರ್ಯ. ಹಿರಿಯರು ಅದನ್ನು ನಮಗೆ ದಾಟಿಸಿದರು. ತಮ್ಮದೊಂದು ಮಾತನ್ನೂ ಸೇರಿಸಿರಲಿಲ್ಲ.

ನಾನು ಮುಂದಿನ ಕೆಲಸ ಹಿಡಿದೆ. ಒಂದು ಹಡಗಿನ ಪಟ್ಟಿ.

ಮಾರ್ಚ್ ಕೊನೆಗೆ ಯುಗಾದಿ ಬಂತು. ಅಡಿಲೇಡಿನಲ್ಲಿ ನನಗೆ ಬೇವು ಸಿಗುವುದಿಲ್ಲ. ಮೆಂತ್ಯ ಹುರಿದು ಪುಡಿ ಮಾಡಿ ಬೆಲ್ಲಕ್ಕೆ ಬೆರೆಸುವುದು ನಮ್ಮ ಮನೆಯ ರೂಢಿಯಾಗಿಬಿಟ್ಟಿದೆ. ಶಾಲೆಗೆ ಹೊರಟಿದ್ದ ಮಗಳ ಬಾಯಿಗೆ ಒಂದು ಚಿಟಿಕೆ ಹಾಕಿ, "ಇವತ್ತಿಂದ ನಮ್ಗೆ ಹೊಸ ವರ್ಷ ಕಣೆ" ಎಂದೆ.

ಅವಳು ಮುಖ ಹಿಂಡಿಕೊಂಡು ಬ್ಯಾಗು ಏರಿಸಿದಳು. "ಸೋ ಜ್ಯಾನ್ಯುಅರಿ ವಾಸ್ ಸ್ಟಿಲ್ ಲಾಸ್ಟ್ ಇಯರ್? ವಿಯರ್ಡ್, ಅಮ್ಮ."

"ಹ್ಞೂಂ, ನಮ್ ಲೆಕ್ಕದಲ್ಲಿ ಜನವರಿ ವರ್ಷದ ಕೊನೇಲಿ ಬರುತ್ತೆ" ಎಂದು ಹೇಳಿದ ಬಾಯಿ ಹಾಗೆಯೇ ನಿಂತಿತು.

ಮೈಸೂರಿನಲ್ಲಿ ಕಾಗದ ಓದುವಾಗ ಇದು ನನ್ನ ಮೊದಲ ಪಾಠವಾಗಿತ್ತು: ಸಂವತ್ಸರ ಯುಗಾದಿಗೆ ತಿರುಗುತ್ತದೆ, ಪುಷ್ಯ ಮಾಘ ಬಂದರೂ ವರ್ಷ ಹಳೆಯದೇ. ನಮ್ಮ ಕಾಗದವಾಗಿದ್ದರೆ ಕಣ್ಣು ಮುಚ್ಚಿಕೊಂಡು ಸರಿಯಾಗಿ ಜೋಡಿಸುತ್ತಿದ್ದೆ. ಇದು ಬಿಳಿಯರ ಕಾಗದ, ಅವರ ವರ್ಷ ಎಂದಿದ್ದರೂ ಜನವರಿಯಿಂದಲೇ ಎಂದು ನಾನೂ ಅಂಕಲ್ಲೂ ಪ್ರಶ್ನೆಯನ್ನೇ ಕೇಳಿಕೊಳ್ಳದೆ ನಂಬಿದ್ದೆವು. ಕಚೇರಿಗೆ ಹೋಗಿ ಹುಡುಕಿದೆ. ಹತ್ತು ನಿಮಿಷದ ಕೆಲಸ. ಹದಿನಾರನೆಯ ಶತಮಾನ ಮುಗಿಯುವವರೆಗೂ ಸ್ಕಾಟ್ಲೆಂಡಿನಲ್ಲಿ ಹೊಸ ವರ್ಷ ಹುಟ್ಟುತ್ತಿದ್ದುದು ಮಾರ್ಚ್ ತಿಂಗಳ ಕೊನೆಯ ವಾರ.

ಆದರೂ ಒಂದು ಸಾಕ್ಷಿ ಬೇಕಿತ್ತು. ಆ ಕಾಲದ ಶಾಯಿ ಕಾಗದವನ್ನು ತಿಂದು ಹಿಂಬದಿಗೆ ಇಳಿದಿರುತ್ತದೆ. ಡಿಸೆಂಬರಿನ ಪುಟದ ಫೋಟೊವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಜನವರಿಯ ಹೆಸರುಪಟ್ಟಿಯ ಮೇಲೆ ಇಟ್ಟು ನೋಡಿದೆ. ಪಟ್ಟಿಯ ಹಿಂದೆ ಮಸುಕಾಗಿ ಕಾಣುತ್ತಿದ್ದ ಗೆರೆಗಳೆಲ್ಲ ಡಿಸೆಂಬರಿನ ಸಾಲುಗಳಿಗೆ ಕೂತುಕೊಂಡವು. ಎರಡೂ ಒಂದೇ ಹಾಳೆಯ ಎರಡು ಮಗ್ಗುಲು; ನಡುವೆ ಹನ್ನೊಂದು ತಿಂಗಳಿಗೆ ಜಾಗವೇ ಇರಲಿಲ್ಲ. ಡಿಸೆಂಬರ್ ಮೊದಲು, ಜನವರಿ ಆಮೇಲೆ.

ಎಲ್ಲವೂ ತಲೆಕೆಳಗಾಯಿತು. ಮೊದಲು ಅವನನ್ನು ಹಿಡಿದಿದ್ದರು. ಗೋಪುರದಲ್ಲಿ ಕೂಡಿಹಾಕಿದ್ದರು. ಡಿಸೆಂಬರಿನ ಕೊನೆಯ ಸಾಲು, ಅವನನ್ನು ಕಾಯಲು ಊರಿನ ಗಂಡಸರನ್ನು ನೇಮಿಸಬೇಕು ಎಂದು ಮುಗಿಯುತ್ತಿತ್ತು. ಮಗ್ಗುಲು ತಿರುಗಿಸಿದರೆ, ಆ ಪಟ್ಟಿ.

ಅಂಕಲ್‌ಗೆ ಫೋನ್ ಮಾಡಿದೆ. ಡಿಸೆಂಬರಿನ ಆ ಕೊನೆಯ ಸಾಲನ್ನು ಓದಿ ಹೇಳಿದೆ.

"ಕಾಯೋದು ಅಂದ್ರೆ ಓಡಿಹೋಗ್ದಂಗೆ ಅಲ್ಲಮ್ಮಾ. ನಿದ್ದೆ ಮಾಡ್ದಂಗೆ. ಚುಚ್ಚಿ, ಅಲ್ಲಾಡ್ಸಿ, ನಡೆಸಿ ಎಬ್ಬಿಸ್ತಿದ್ರು. ನಾನು ಹೌಸ್ ಸರ್ಜನ್ ಆಗಿದ್ದಾಗ ಮೂರು ದಿನ ನಿದ್ದೆ ಇಲ್ದೆ ಗೋಡೆ ಮೇಲೆ ಇರುವೆ ಸಾಲು ಕಾಣ್ತಿತ್ತು ನಂಗೆ. ಇರುವೇನೇ ಇರ್ಲಿಲ್ಲ. ಎಷ್ಟು ದಿನ ಇದೆ ಪಟ್ಟಿ?"

"ಆರು."

"ಆರನೇ ದಿನ ನೀನು ನನ್ ಹೆಸ್ರು ಹೇಳು ಅಂದ್ರೂ ಹೇಳ್ತೀಯ."

ಹೆಸರುಗಳನ್ನು ನಾವು ಅಂದು ಮೊದಲ ಬಾರಿಗೆ ಸರಿಯಾಗಿ ಓದಿದೆವು. ನಾನು ಓದುತ್ತಾ ಹೋದೆ, ಅವರು ಫೋಟೊದಲ್ಲಿ ನೋಡುತ್ತಾ 'ಹ್ಞೂಂ' ಎನ್ನುತ್ತಾ ಬಂದರು. ಎರಡನೆಯ ರಾತ್ರಿಯ ಜೋಡಿಯಲ್ಲಿ ಒಂದು ಹೆಸರಿಗೆ ಅವರ 'ಹ್ಞೂಂ' ಬರಲಿಲ್ಲ. ಐದನೆಯ ರಾತ್ರಿ ಅದೇ ಹೆಸರು ಮತ್ತೆ ಇತ್ತು. ಅದರ ಮುಂದೆ 'ಕಮ್ಮಾರ' ಎಂದಿತ್ತು.

"ಮಗಾನಾ?" ಎಂದರು ಅಂಕಲ್.

ಅಲ್ಲದಿರಲಿ ಎಂದು ನಾನು ಎರಡು ದಿನ ಹುಡುಕಿದೆ. ಐವತ್ತೆಂಟು ಪುಟದಲ್ಲಿ ಆ ಊರಿಗೆ ಒಬ್ಬನೇ ಕಮ್ಮಾರ. ನಾಲ್ಕು ಕಡೆ ಅವನ ಹೆಸರು, ಎರಡು ಕಡೆ 'ಬಂಧಿಯ ಮಗ' ಎಂದು ಸ್ಪಷ್ಟವಾಗಿಯೇ ಬರೆದಿತ್ತು.

ಯಜಮಾನಿಗೆ ಹೇಳಿದೆ. ಅವರು ಕೆಟ್ಟವರಲ್ಲ, ನನ್ನ ತಪ್ಪಿಗೆ ಒಂದು ಮಾತೂ ಬೈಯಲಿಲ್ಲ. "ಕ್ಲೈಂಟ್‌ಗೆ ಬೇಕಾಗಿರೋದು ಕಲ್ಲಿನ ಮೇಲೆ ಒಂದು ಹೆಸರು. ತಿದ್ದುಪಡಿ ಕಳಿಸು. ಮೊದಲು ಬಂಧನ, ಆಮೇಲೆ ಹೇಳಿಕೆ, ಅಷ್ಟು ಸಾಕು. ಆ ಪಟ್ಟಿ ಯಾಕೆ?"

"ಬಂಧನ ಆಗಿತ್ತು ಅಂದ ಮಾತ್ರಕ್ಕೆ ಹಿಂಸೆ ಆಗಿತ್ತು ಅಂತ ಸಮಿತಿ ಒಪ್ಪಲ್ಲ. ಒತ್ತಾಯಕ್ಕೆ ಇರೋ ಸಾಕ್ಷಿ ಆ ಪುಟ ಒಂದೇ."

"ಹಾಗಾದ್ರೆ ಇಷ್ಟು ಜನ ಸರದಿ ಕಾದರು ಅಂತ ಬರಿ. ಹೆಸರು ಬೇಡ. ಕ್ಲೈಂಟ್ ವಯಸ್ಸು ನೋಡಿದ್ದೀಯಾ?"

ಅಂಕಲ್ಲೂ ಅದನ್ನೇ ಹೇಳಿದರು. "ಪೇಷೆಂಟ್‌ಗೆ ಎಲ್ಲಾನೂ ಹೇಳಲ್ಲ ಕಣಮ್ಮಾ ನಾವು. ಹೇಳಿ ಏನಾಗ್ಬೇಕು?"

ಎರಡು ದಿನ ನಾನು ಎರಡು ಬಗೆಯ ವರದಿಯನ್ನೂ ಟೈಪು ಮಾಡಿಟ್ಟುಕೊಂಡೆ. ಹೆಸರಿಲ್ಲದ್ದು ಓದಲು ಚೆನ್ನಾಗಿಯೇ ಇತ್ತು. ಆದರೆ ಮೊದಲ ವರದಿಯಲ್ಲಿ ನಾನು ಮಾಡಿದ್ದೂ ಇಂಥದ್ದೇ ಅಲ್ಲವೇ? ಪುಸ್ತಕದಲ್ಲಿ ಇಲ್ಲದ ಒಂದು ಮಾತು ಸೇರಿಸಿದ್ದೆ. ಈಗ ಇರುವ ಒಂದು ಹೆಸರನ್ನು ತೆಗೆಯಬೇಕು. ಅವರ ಹೃದಯಕ್ಕಾಗಿ ಎಂದು ಹೇಳಿಕೊಳ್ಳುತ್ತಿದ್ದೆ. ನಿಜವಾಗಿ ನನಗೇ ಆ ಮಾತು ಹೇಳುವ ಧೈರ್ಯ ಇರಲಿಲ್ಲ. ಪೂರ್ತಿ ಪುಟ ಕೊಡುವುದು, ಅದೂ ಕೈಯಲ್ಲಿ ಕೊಡುವುದು ಎಂದು ತೀರ್ಮಾನಿಸಿದೆ. "ಇಮೇಲ್ ಅಂತ ಒಂದು ಇದೆ ಗೊತ್ತಲ್ಲ?" ಎಂದರು ನನ್ನ ಗಂಡ. ಎರಡು ದಿನ ರಜೆ ಹಾಕಿ, ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಪ್ರಿಂಟುಗಳನ್ನಿಟ್ಟುಕೊಂಡು, ಬರಿಗೈಯಲ್ಲಿ ಹೋಗಬಾರದೆಂದು ಒಂದು ಡಬ್ಬಿ ಚಕ್ಕುಲಿ ಮಾಡಿಕೊಂಡು ಪರ್ತ್‌ಗೆ ಹೋದೆ.

ವೆಲ್ಷ್‌ಪೂಲ್‌ನ ಆ ಶೆಡ್ಡಿನ ಮೂಲೆಯಲ್ಲಿ ಗಾಜಿನ ಗೂಡಿನಂಥ ಕಚೇರಿ. ಹಿರಿಯರು ತೆಳ್ಳಗೆ, ಎತ್ತರಕ್ಕೆ ಇದ್ದರು. ಬೆರಳುಗಳಲ್ಲಿ ಸುಟ್ಟ ಹಳೆಯ ಕಲೆಗಳು. ಅವರೇ ಟೀ ಮಾಡಿದರು.

"ಕೂತ್ಕೋ ಲವ್. ನಿನ್ನ ಬಾಸ್ ಫೋನ್ ಮಾಡಿದ್ಲು. ನೀನು ಬರೋದು ಅವಳಿಗೆ ಇಷ್ಟ ಇಲ್ವಂತೆ."

"ಗೊತ್ತು."

"ಹಂಗಿದ್ರೆ ಏನೋ ಇದೆ. ತೆಗಿ."

ಮೊದಲು ನನ್ನ ತಪ್ಪು ಹೇಳಿದೆ. 'ತಾನಾಗಿಯೇ' ಎಂಬುದು ನನ್ನ ಮಾತು, ಪುಸ್ತಕದ್ದಲ್ಲ ಎಂದೆ. ವರ್ಷ ತಿರುಗುವ ಲೆಕ್ಕ ವಿವರಿಸಿದೆ, ಶಾಯಿಯ ಗೆರೆಗಳನ್ನು ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಎರಡು ತಿಂಗಳಿಂದ ಆ ಮನುಷ್ಯನನ್ನ ಬೈಕೊಂಡು ಮಲಗ್ತಿದ್ದೀನಿ ನಾನು" ಎಂದರು. ಕೋಪವಿರಲಿಲ್ಲ. "ಹೇಳು."

ಗೋಪುರ, ಎಚ್ಚರ ಕಾಯುವುದು, ಆರು ದಿನ ಎಂದೆಲ್ಲ ಹೇಳಿ ಪಟ್ಟಿಯನ್ನು ಮುಂದಿಟ್ಟೆ. ಅವರು ಒಂದು ಚಕ್ಕುಲಿ ಎತ್ತಿಕೊಂಡು, ಇನ್ನೊಂದು ಕೈಯ ಬೆರಳನ್ನು ಹೆಸರಿಂದ ಹೆಸರಿಗೆ ಇಳಿಸುತ್ತ ಬಂದರು. ಬೆರಳು ನಿಂತಿತು.

"ಇದು ನಮ್ಮ ಕಮ್ಮಾರನಾ?"

"ಹೌದು."

"ಅದೇ ಹೆಸರಿನ ಬೇರೆ ಯಾರಾದ್ರೂ?"

"ಹುಡುಕಿದೆ. ಇಲ್ಲ."

ಬೆರಳು ಐದನೆಯ ರಾತ್ರಿಗೆ ಹೋಗಿ ಅಲ್ಲಿಯೂ ನಿಂತಿತು. "ಎರಡು ಸಲ" ಎಂದರು. ಹೊರಗೆ ಯಾರೋ ಲೋಹ ಕೊಯ್ಯುತ್ತಿದ್ದರು. ಆ ಸದ್ದು ನಿಂತ ಮೇಲೆ ತಲೆಯೆತ್ತಿದರು. "ಆಗಲ್ಲ ಅಂತ ಹೇಳೋಕೆ ಆಗ್ತಿತ್ತಾ ಅವನಿಗೆ? ಹೇಳಿದ್ರೆ ಅವನನ್ನೂ ಸುಡ್ತಿದ್ರು, ಅಲ್ವಾ?"

ಈ ಪ್ರಶ್ನೆ ಬರುತ್ತದೆಂದು ವಿಮಾನದಲ್ಲಿ ಕೂತಾಗಲೇ ಗೊತ್ತಿತ್ತು. ಹೌದು ಎಂದುಬಿಟ್ಟರೆ ಯಾರೂ ನನ್ನನ್ನು ಕೇಳುವವರಿರಲಿಲ್ಲ. ಫೋಲ್ಡರಿನಿಂದ ಇನ್ನೊಂದು ಪುಟ ತೆಗೆದೆ.

"ಪಟ್ಟಿಯಲ್ಲಿ ಒಂದು ಹೆಸರು ಹೊಡೆದುಹಾಕಿದೆ ನೋಡಿ. ನೇಕಾರ ಒಬ್ಬ. ನಾನು ಕಾಯಲ್ಲ ಅಂತ ಮನೆಗೆ ಹೋದ. ಸಭೆ ಅವನಿಗೆ ಶಿಕ್ಷೆ ಕೊಡ್ತು. ಮೂರು ಭಾನುವಾರ ಗೋಣಿ ಬಟ್ಟೆ ಉಟ್ಕೊಂಡು ಚರ್ಚಲ್ಲಿ ಎಲ್ಲರ ಮುಂದೆ ನಿಂತ್ಕೋಬೇಕು."

"ಆಮೇಲೆ?"

"ಅಷ್ಟೇ."

"ಅಷ್ಟೇನಾ? ಹೊಡೀಲಿಲ್ವಾ? ಒಳಗೆ ಹಾಕ್ಲಿಲ್ವಾ?"

"ಬರೆದಿಲ್ಲ. ಎರಡು ವರ್ಷ ಆದ್ಮೇಲೆ ಚರ್ಚಿನ ಮಾಡಿಗೆ ಹುಲ್ಲು ಕೊಟ್ಟವರ ಹೆಸರಲ್ಲಿ ಅವನೂ ಇದ್ದಾನೆ."

"ಮೂರು ಭಾನುವಾರ" ಎಂದರು ಹಿರಿಯರು. ಕಚ್ಚದೆ ಹಿಡಿದಿದ್ದ ಚಕ್ಕುಲಿಯನ್ನು ತಟ್ಟೆಯ ಅಂಚಿಗೆ ಇಟ್ಟರು. "ಮೂರು ಭಾನುವಾರದ ನಾಚಿಕೆ ತಪ್ಪಿಸಿಕೊಳ್ಳೋಕೆ."

ಸಮಾಧಾನದ ಮಾತುಗಳು ನನ್ನ ಬಳಿ ಇದ್ದವು. ಅವನಿಗೂ ಭಯವಿದ್ದಿರಬೇಕು, ಮಗನಾದ್ದರಿಂದ ಅವನ ಮೇಲೂ ಅನುಮಾನವಿದ್ದಿರಬೇಕು, ನೇಕಾರನಿಗೆ ಮೂರು ಭಾನುವಾರಕ್ಕೇ ಮುಗಿದದ್ದು ಇವನಿಗೆ ಅಷ್ಟಕ್ಕೇ ಮುಗಿಯದಿರಬಹುದಿತ್ತು. ಅವೆಲ್ಲ ನಿಜವೂ ಇರಬಹುದು. ಪುಸ್ತಕದಲ್ಲಿ ಇರಲಿಲ್ಲ. ಹೇಳಲಿಲ್ಲ.

ಅವರು ಆ ಸಂಜೆಯೇ ಎಲ್ಲ ಪುಟಗಳನ್ನೂ ಸಮಿತಿಗೆ ಕಳಿಸಿದರು. ಕಮ್ಮಾರನ ಹೆಸರು ಮುಚ್ಚಲಿಲ್ಲ. ಸಮಿತಿ ವಾರದೊಳಗೆ ಒಪ್ಪಿತು. ಇಬ್ಬರು ಹೆಂಗಸರ ಕೆಳಗೆ ಆ ಪೂರ್ವಿಕನ ಹೆಸರು ಬರುತ್ತದೆ ಎಂದು ತಿಳಿಸಿ, ಅದರಡಿಯಲ್ಲಿ 'ವಂಶಸ್ಥರ ನೆನಪಿನೊಂದಿಗೆ' ಎಂದು ಕೆತ್ತಿಸಲೇ ಎಂದು ಕೇಳಿತ್ತು. ಬೇಡ ಎಂದು ಇವರು ಬರೆದರು. ಉದ್ಘಾಟನೆಯ ದಿನ ಮುಂದಿನ ಸಾಲಿನಲ್ಲಿ ಅವರಿಗೊಂದು ಕುರ್ಚಿ ಇಡುವುದಾಗಿಯೂ ಸಮಿತಿ ತಿಳಿಸಿತ್ತು. ಹೃದಯದ ಡಾಕ್ಟರು ಪ್ರಯಾಣಕ್ಕೆ ಒಪ್ಪಿದ್ದರಂತೆ. ಇವರು ಒಪ್ಪಲಿಲ್ಲ.

ನಮ್ಮ ಕಚೇರಿಗೆ ಮಾತ್ರ ಇನ್ನೊಂದು ಕೆಲಸ ಕೊಟ್ಟರು. "ಆ ನೇಕಾರನ ಕಡೆಯವರು ಯಾರಾದ್ರೂ ಎಲ್ಲಾದ್ರೂ ಇದ್ದಾರಾ ನೋಡು. ಟಿಕೆಟ್ ನಾನು ಕೊಡ್ತೀನಿ. ಆ ಕುರ್ಚಿ ಅವರದು."

ಆರು ವಾರ ಹುಡುಕಿದೆ. ಆ ಊರಿನ ನಾಮಕರಣದ ಪುಸ್ತಕ ಅರ್ಧ ಹುಳು ತಿಂದಿದೆ. ಉಳಿದ ಪುಟಗಳನ್ನೆಲ್ಲ ಜೋಡಿ ಓದಿನಲ್ಲಿ ಎರಡೆರಡು ಸಲ ನೋಡಿದೆವು. ಅಂಕಲ್ ಒಂದು ದಿನವೂ ತಪ್ಪಿಸಲಿಲ್ಲ. ನೇಕಾರನ ಮದುವೆ ಸಿಕ್ಕಿತು. ಹೆಂಡತಿ ಸತ್ತದ್ದು ಸಿಕ್ಕಿತು. ಮಕ್ಕಳು ಸಿಗಲಿಲ್ಲ. ಉಳಿದಿರುವ ಪುಟಗಳಲ್ಲಿ ಇಲ್ಲ, ಅಷ್ಟೇ ಹೇಳಬಲ್ಲೆ ಎಂದು ಎರಡು ಸಾಲಿನ ವರದಿ ಕಳಿಸಿದೆ. ಈ ಸಲ ನನ್ನದೊಂದು ಮಾತನ್ನೂ ಸೇರಿಸಲಿಲ್ಲ.

ಕಲ್ಲು ನಿಲ್ಲಿಸಿದ ದಿನದ ಫೋಟೊಗಳನ್ನು ಸಮಿತಿಯವರು ಕಳಿಸಿದ್ದರು. ಹಿರಿಯರು ನನಗೂ ಒಂದನ್ನು ದಾಟಿಸಿದರು. ಮಳೆ ನಿಂತ ಹುಲ್ಲು, ಕಪ್ಪು ಕಲ್ಲು, ಮೂರು ಹೆಸರು. ಮುಂದಿನ ಸಾಲಿನಲ್ಲಿ ಒಂದು ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಪಕ್ಕದಲ್ಲಿ ಕೂತವರು ಯಾರೋ ತಮ್ಮ ಕೋಟು ಕಳಚಿ ಅದರ ಮೇಲೆ ಇಟ್ಟಿದ್ದರು.